ಬೀದರಿನ ಬಿಸಿಲಿಗೆ ಹವಳದ ತೊಟ್ಟಿ

ಬೀದರಿನಿಂದ ಕಡಲಿಗೆ ಯಾವ ದಿಕ್ಕಿನಲ್ಲಿ ಹೊರಟರೂ ಕಡಿಮೆಯೆಂದರೆ ಸುಮಾರು ನಾನೂರು ಕಿಲೋಮೀಟರ್ ಆಗುತ್ತದೆ. ಪಡುವಣಕ್ಕೆ ಅರಬ್ಬಿ ಸಮುದ್ರ, ಆಗ್ನೇಯಕ್ಕೆ ಬಂಗಾಳ ಕೊಲ್ಲಿ, ನಡುವೆ ಸಮುದ್ರಮಟ್ಟದಿಂದ 660 ಮೀಟರ್ ಎತ್ತರದ ಕೆಂಪು ಕಲ್ಲಿನ ಪ್ರಸ್ಥಭೂಮಿ. ಆದರೂ ರಾಜ್ಯದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಇರುವುದು ಇದೇ ಊರಿನ ನಂದಿನಗರದಲ್ಲಿ. 1969ರಲ್ಲಿ ಆರಂಭವಾದ, ದೇಶದ ಮೊದಲ ಮೀನುಗಾರಿಕೆ ಕಾಲೇಜು ಎನಿಸಿಕೊಂಡ ಮಂಗಳೂರಿನ ಕಾಲೇಜು ಕೂಡ ಇಂದು ಆಡಳಿತಕ್ಕೆ ಮುಖಮಾಡುವುದು ಬೀದರಿನ ಕಡೆಗೇ. ಹೀಗಿರುವಾಗ ಈ ಊರಿನವರೊಬ್ಬರು ಪಡಸಾಲೆಯಲ್ಲಿ ಹವಳ, ಮೀನು ಸಾಕುವ ಉಪ್ಪುನೀರಿನ ತೊಟ್ಟಿಯಾಗಿ ಕಡಲಿನ ಒಂದು ತುಣುಕು ಇಟ್ಟುಕೊಳ್ಳುತ್ತೇನೆ ಎಂದರೆ ನಗಬೇಕಾಗಿಲ್ಲ. ಆದರೆ ಒಂದು ಪ್ರಶ್ನೆಯನ್ನು ಕೇಳಲೇಬೇಕು: ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಆ ನೀರು ಎಷ್ಟು ಬಿಸಿ ಇರುತ್ತದೆ?

ತೊಟ್ಟಿ ಮಾರುವ ಅಂಗಡಿಯಲ್ಲಿ ಈ ಪ್ರಶ್ನೆ ಕೊನೆಗೆ ಬರುತ್ತದೆ, ಅಥವಾ ಬರುವುದೇ ಇಲ್ಲ. ಬೆಳಕು ಯಾವ ಬಣ್ಣದ್ದು, ಉಪ್ಪು ಯಾವ ಕಂಪನಿಯದು, ಕ್ಲೌನ್ ಮೀನಿನ ಜೋಡಿಗೆ ಎಷ್ಟು ಎಂಬ ಮಾತೇ ಹೆಚ್ಚು. 2003ರಲ್ಲಿ ‘ಫೈಂಡಿಂಗ್ ನೀಮೋ’ ಚಿತ್ರ ಬಂದ ಮೇಲೆ ಕಿತ್ತಳೆ ಬಣ್ಣದ ಆ ಮೀನನ್ನು ಗುರುತಿಸದ ಮಗುವೇ ಇಲ್ಲ. ಬೀದರಿನವರಿಗೆ ದೊಡ್ಡ ಪೇಟೆ ಎಂದರೆ ನೂರನಲವತ್ತು ಕಿಲೋಮೀಟರ್ ಆಚೆಯ ಹೈದರಾಬಾದ್. ಮೀನು, ಉಪ್ಪು, ದೀಪ ಎಲ್ಲವೂ ಅಲ್ಲಿ ಸಿಗುತ್ತವೆ. ಹವೆ ಮಾತ್ರ ಇಲ್ಲಿಯದೇ, ಅದನ್ನು ಯಾವ ಪೇಟೆಯಲ್ಲೂ ಬದಲಾಯಿಸಿಕೊಂಡು ಬರಲಾಗದು.

ಹವಳ ಕಲ್ಲಿನಂತೆ ಕಂಡರೂ ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ಬದುಕುತ್ತವೆ. ಬಿಸಿಲಿನಲ್ಲಿ ಅವು ತಯಾರಿಸುವ ಸಕ್ಕರೆಯೇ ಹವಳದ ಮುಖ್ಯ ಆಹಾರ, ಹವಳದ ಬಣ್ಣದಲ್ಲೂ ಅವುಗಳ ಪಾಲು ದೊಡ್ಡದು. ನೀರಿನ ಬಿಸಿ ಹದ ಮೀರಿದರೆ ಈ ಕೂಡುಬಾಳು ಮುರಿಯುತ್ತದೆ. ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಬಿಳಿಚಿದ ಕೂಡಲೇ ಸಾಯುವುದಿಲ್ಲ, ಆದರೆ ಹಸಿದು ಕೂರುತ್ತದೆ. ಬಿಸಿ ಬೇಗ ಇಳಿದರೆ ಚೇತರಿಸಿಕೊಳ್ಳುತ್ತದೆ, ಇಳಿಯದಿದ್ದರೆ ಇಲ್ಲ. ಮನೆಯ ತೊಟ್ಟಿಗೆ 24ರಿಂದ 27 ಡಿಗ್ರಿ ಸೆಲ್ಸಿಯಸ್ ಸೂಕ್ತ ಎಂಬುದು ಈ ಹವ್ಯಾಸದವರೆಲ್ಲ ಒಪ್ಪಿಕೊಂಡ ಲೆಕ್ಕ. ದಿನದೊಳಗಿನ ಏರಿಳಿತ ಒಂದು ಡಿಗ್ರಿಯ ಒಳಗಿದ್ದರೆ ಒಳ್ಳೆಯದು.

ಒಂದು ಡಿಗ್ರಿ ಎಂದರೆ ನಮಗೆ ಏನೂ ಅಲ್ಲ. ಕಡಲಿನಲ್ಲಿ ಅದೇ ದೊಡ್ಡದು. ಒಂದು ಜಾಗದ ವಾಡಿಕೆಯ ಬೇಸಿಗೆ ಗರಿಷ್ಠಕ್ಕಿಂತ ನೀರು ಒಂದು ಡಿಗ್ರಿ ಹೆಚ್ಚಾಗಿ, ಕೆಲವು ವಾರ ಹಾಗೆಯೇ ನಿಂತರೆ ಹವಳದ ದಿಬ್ಬಗಳು ಬಿಳಿಚಲು ಶುರುವಾಗುತ್ತವೆ. 1998ರಲ್ಲಿ, 2010ರಲ್ಲಿ, 2014ರಿಂದ 2017ರವರೆಗೆ ಜಗತ್ತಿನುದ್ದಕ್ಕೂ ಹೀಗಾಯಿತು. ನಾಲ್ಕನೆಯ ಜಾಗತಿಕ ಬಿಳಿಚುವಿಕೆ ನಡೆಯುತ್ತಿದೆ ಎಂದು ಅಮೆರಿಕದ ಸಾಗರ ಸಂಸ್ಥೆ ‘ನೋವಾ’ 2024ರ ಏಪ್ರಿಲ್‌ನಲ್ಲಿ ಸಾರಿತು. ಅದೇ ಬೇಸಿಗೆಯಲ್ಲಿ ಲಕ್ಷದ್ವೀಪದ ಹವಳಗಳು ಬೆಳ್ಳಗಾದವು. ಕರ್ನಾಟಕಕ್ಕೆ ಇರುವ ಹವಳದ ನೆಲೆ ಎಂದರೆ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲಿನ ನೀರು. ಮೇ ತಿಂಗಳಲ್ಲಿ ಕರಾವಳಿಯ ಆ ಮೇಲ್ಮೈ ನೀರೂ 30 ಡಿಗ್ರಿಯ ಹತ್ತಿರ ಹೋಗುತ್ತದೆ.

ಇಲ್ಲಿ ಜಾಣ ಓದುಗರು ತಡೆದು ಕೇಳಬಹುದು: ನೇತ್ರಾಣಿಯ ಹವಳ 30 ಡಿಗ್ರಿ ತಾಳುವುದಾದರೆ ಬೀದರಿನ ತೊಟ್ಟಿಯ ಹವಳಕ್ಕೆ 27ರ ಮಿತಿ ಏಕೆ? ಕಡಲಿನಲ್ಲಿ ಆ ಬಿಸಿ ತಿಂಗಳುಗಟ್ಟಲೆ ನಿಧಾನವಾಗಿ ಏರುತ್ತದೆ, ಅಲೆ ಸದಾ ಗಾಳಿ ಬೆರೆಸುತ್ತದೆ, ಕೊಳೆಯನ್ನು ಕರಗಿಸಿಬಿಡಲು ಕೊನೆಯಿಲ್ಲದಷ್ಟು ನೀರಿದೆ. ತೊಟ್ಟಿಯಲ್ಲಿ ಇದಾವುದೂ ಇಲ್ಲ. ಜೊತೆಗೆ ಬೀದರಿಗೆ ಮತ್ತೊಂದು ತೊಡಕಿದೆ, ಅದನ್ನು ಹೈದರಾಬಾದಿನ ಅಂಗಡಿಯವರು ಹೇಳುವುದು ಅನುಮಾನ. ಬಿಸಿ ಏರಿದಷ್ಟೂ ನೀರು ಆಮ್ಲಜನಕವನ್ನು ಕಡಿಮೆ ಹಿಡಿಯುತ್ತದೆ. ಕಡಲಮಟ್ಟದಲ್ಲಿ 25 ಡಿಗ್ರಿಯ ಉಪ್ಪುನೀರು ಲೀಟರಿಗೆ ಸುಮಾರು 6.7 ಮಿಲಿಗ್ರಾಂ ಹಿಡಿದರೆ, 30 ಡಿಗ್ರಿಯಲ್ಲಿ ಅದು 6.2ಕ್ಕೆ ಇಳಿಯುತ್ತದೆ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡವೂ ಕುಗ್ಗುತ್ತದೆ. 660 ಮೀಟರಿನಲ್ಲಿ ಆ ಕುಗ್ಗುವಿಕೆ ಶೇ 7ರಿಂದ 8ರಷ್ಟು. ಲೆಕ್ಕ ಹಾಕಿದರೆ ಬೀದರಿನ 25 ಡಿಗ್ರಿಯ ಉಪ್ಪುನೀರಿನಲ್ಲಿ ಇರುವ ಆಮ್ಲಜನಕ, ಮುರ್ಡೇಶ್ವರದ 30 ಡಿಗ್ರಿಯ ನೀರಿನಲ್ಲಿ ಇರುವಷ್ಟೇ! ಅಂದರೆ ಇಲ್ಲಿಯ ಮೀನು ತಣ್ಣಗಿರುವ ದಿನವೇ ಕರಾವಳಿಯ ಕಡುಬೇಸಿಗೆಯ ಉಸಿರಾಡುತ್ತಿರುತ್ತದೆ. ಇಲ್ಲಿ ನೀರು 30 ದಾಟಿದರೆ ಮೊದಲು ಏದುಸಿರು ಬಿಡುವುದು ಮೀನು, ಹವಳದ ಸರದಿ ಆಮೇಲೆ.

ಬೇಸಿಗೆಯಲ್ಲಿ ಬೀದರಿನ ಪಾದರಸ 40 ದಾಟುವುದು ಸುದ್ದಿಯೇ ಅಲ್ಲ. ಚಳಿಗಾಲದಲ್ಲಿ ಅದೇ ಬೀದರ್ ರಾಜ್ಯದ ಅತಿ ತಣ್ಣನೆಯ ಊರುಗಳ ಪಟ್ಟಿಯಲ್ಲಿ ಕಾಣಿಸಿಕೊಂಡು, ಕೆಲವು ರಾತ್ರಿ ಒಂದಂಕಿಗೆ ಇಳಿಯುತ್ತದೆ. ಜಿಲ್ಲೆಯ ಔರಾದಿನ ಬಯಲಿನಲ್ಲಂತೂ ಗಾಳಿಗೆ ಅಡ್ಡಿಯೇ ಇಲ್ಲ. ಒಂದೇ ತೊಟ್ಟಿ, ಒಂದೇ ವರ್ಷ, ಎರಡೂ ತುದಿ. ಆದ್ದರಿಂದ ಬೆಂಗಳೂರಿನ ಹವ್ಯಾಸಿಗಳ ಸಲಹೆಯನ್ನು ಇಲ್ಲಿ ಹಾಗೆಯೇ ಪಾಲಿಸಿದರೆ ಕೆಡುತ್ತದೆ. ಬೆಂಗಳೂರಿನಲ್ಲಿ ಒಂದು ಫ್ಯಾನ್, ಒಂದು ಹೀಟರ್ ಇಟ್ಟು ವರ್ಷ ತಳ್ಳಬಹುದು. ಮಂಗಳೂರಿನ ಸಲಹೆ ಇನ್ನೂ ಅಪಾಯ, ಏಕೆಂದರೆ ಅಲ್ಲಿ ನೀರು ತಣಿಸುವ ಚಿಲ್ಲರ್ ಯಂತ್ರ ಇಲ್ಲದೆ ದಾರಿಯಿಲ್ಲ ಎನ್ನುತ್ತಾರೆ. ಅಲ್ಲಿಗೆ ಅದು ನಿಜವೂ ಹೌದು. ಇಲ್ಲಿಗಲ್ಲ.

ಈ ಲೇಖನದ ವಾದ ಇಷ್ಟೇ: ಬೀದರ್, ಭಾಲ್ಕಿ, ಔರಾದಿನ ಬೇಸಿಗೆಯಲ್ಲಿ ತೊಟ್ಟಿಯನ್ನು ತಂಪಾಗಿಡಲು ಮೊದಲು ನೆಚ್ಚಬೇಕಾದ್ದು ಒಣ ಗಾಳಿಯನ್ನು, ಚಿಲ್ಲರನ್ನಲ್ಲ.

ಚಿಲ್ಲರ್ ಎಂದರೆ ನೀರಿಗೆ ಜೋಡಿಸಿದ ಸಣ್ಣ ಫ್ರಿಜ್. ಅದು ನೀರಿನ ಶಾಖವನ್ನು ತೆಗೆದು ಕೋಣೆಗೆ ಸುರಿಯುತ್ತದೆ. ಜೊತೆಗೆ ತನ್ನ ಮೋಟರಿನ ಶಾಖವನ್ನೂ ಸೇರಿಸುತ್ತದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ತೊಟ್ಟಿಯ ಕೆಳಗಿನ ಕಪಾಟಿನೊಳಗೇ ಚಿಲ್ಲರ್ ಇಟ್ಟರೆ ಕೋಣೆ ಬಿಸಿಯಾಗಿ, ಅದರಿಂದ ನೀರು ಬಿಸಿಯಾಗಿ, ಮತ್ತೆ ಚಿಲ್ಲರ್ ಓಡಿ, ಬಿಲ್ಲು ಏರುತ್ತದೆ. ಪೆಟ್ಟಿಗೆಯ ಮೇಲೆ ‘ಇಷ್ಟು ಲೀಟರಿಗೆ’ ಎಂದು ಬರೆದಿರುವುದು ಹಿತವಾದ ಹವೆಯ ಕೋಣೆಯ ಲೆಕ್ಕ. ಸುತ್ತಲಿನ ಗಾಳಿ 40 ಡಿಗ್ರಿ ಇದ್ದಾಗ ಅದೇ ಯಂತ್ರದ ಶಕ್ತಿ ಕುಗ್ಗುತ್ತದೆ. ಬೀದರಿನ ಕೆಂಪು ಧೂಳು ಅದರ ಜಾಲರಿಗೆ ಮೆತ್ತಿಕೊಂಡರೆ ಇನ್ನಷ್ಟು. ಕೊಳ್ಳುವವರು ಒಂದು ಅಳತೆ ದೊಡ್ಡದನ್ನೇ ಕೊಳ್ಳಬೇಕು, ಬಿಸಿಗಾಳಿ ಕಿಟಕಿಯಾಚೆ ಹೋಗುವಂತೆ ಇಡಬೇಕು, ಬೇಸಿಗೆಯಲ್ಲಿ ವಾರಕ್ಕೊಮ್ಮೆ ಜಾಲರಿ ಒರೆಸಬೇಕು. ಕರೆಂಟ್ ಹೋದರೆ ಮನೆಯ ಸಾಧಾರಣ ಇನ್ವರ್ಟರ್ ಅದನ್ನು ಹೆಚ್ಚು ಹೊತ್ತು ನಡೆಸಲಾರದು. ಇಷ್ಟೆಲ್ಲ ಮಾಡುವವರಿಗೆ ಚಿಲ್ಲರ್ ಬೇಡ ಎನ್ನಲು ಕಾರಣವಿಲ್ಲ. ಮಾಡದವರಿಗೆ ಅದು ದುಬಾರಿ ಸಮಾಧಾನ ಮಾತ್ರ.

ಒಣ ಗಾಳಿಯ ವಿಷಯಕ್ಕೆ ಬರೋಣ. ಯುಗಾದಿ ದಾಟಿತೆಂದರೆ ಬೀದರಿನ ಮನೆಗಳಲ್ಲಿ ಮಣ್ಣಿನ ಮಡಕೆ ಹೊರಬರುತ್ತದೆ. ಅದರ ಮೈಯಿಂದ ಜಿನುಗಿದ ನೀರು ಆರುತ್ತಾ ಒಳಗಿನ ನೀರನ್ನು ತಣಿಸುತ್ತದೆ. ಉಪ್ಪುನೀರಿನ ತೊಟ್ಟಿಗೂ ಅದೇ ನಿಯಮ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 580 ಕಿಲೋಕ್ಯಾಲರಿ ಶಾಖ ಬೇಕು. ಅದನ್ನು ಉಳಿದ ನೀರಿನಿಂದಲೇ ಎಳೆದುಕೊಂಡರೆ, ನೂರು ಲೀಟರ್ ನೀರು ಆರು ಡಿಗ್ರಿಗೆ ತುಸು ಕಡಿಮೆ ತಣಿಯಬೇಕು. ನಿಜದಲ್ಲಿ ಕೋಣೆಯ ಬಿಸಿ ಮತ್ತೆ ಮತ್ತೆ ಒಳಬರುವುದರಿಂದ ಅಷ್ಟು ಇಳಿಯದು. ಆದರೂ ನೀರಿನ ಮೇಲೆ ಗಾಳಿ ಹಾಯಿಸುವ, ಹತ್ತು ವ್ಯಾಟೂ ತಿನ್ನದ ಸಣ್ಣ ಡಿಸಿ ಫ್ಯಾನ್‌ಗಳು ದಿನಕ್ಕೆ ಐದು ಲೀಟರ್ ನೀರನ್ನು ಆವಿ ಮಾಡಿದರೆ, ಅದು ಹಗಲೂ ರಾತ್ರಿ 140 ವ್ಯಾಟ್ ಶಾಖವನ್ನು ಹೊರಹಾಕಿದ್ದಕ್ಕೆ ಸಮ. ಇಷ್ಟು ಅಗ್ಗದ ತಂಪು ಬೇರೆಲ್ಲೂ ಇಲ್ಲ.

ಇದು ಎಲ್ಲ ಊರಿನಲ್ಲೂ ಒಂದೇ ರೀತಿ ನಡೆಯದು. ಆವಿಯಿಂದ ನೀರು ಎಷ್ಟರ ತನಕ ತಣಿಯಬಹುದು ಎಂಬುದಕ್ಕೆ ಒಂದು ತಳಮಿತಿ ಇದೆ. ಥರ್ಮಾಮೀಟರಿನ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದರೆ ತೋರುವ ಅಂಕಿ ಅದು. ಬೀದರಿನಲ್ಲಿ 40 ಡಿಗ್ರಿ ಬಿಸಿಲಿದ್ದು ಗಾಳಿಯ ತೇವಾಂಶ ಶೇ 20 ಇದ್ದರೆ ಆ ಮಿತಿ 23 ಡಿಗ್ರಿಯ ಹತ್ತಿರ. ಮಂಗಳೂರಿನಲ್ಲಿ 33 ಡಿಗ್ರಿಯಷ್ಟೇ ಇದ್ದು ತೇವಾಂಶ ಶೇ 70 ಇದ್ದರೆ ಅದು 28ಕ್ಕಿಂತ ಕೆಳಗೆ ಬಾರದು. ಕಡಲಿನ ಪಕ್ಕದ ಮನೆಯಲ್ಲಿ ಫ್ಯಾನ್ ಇಟ್ಟವರು ಸೋಲುತ್ತಾರೆ, ಕಡಲಿಲ್ಲದ ಊರಿನಲ್ಲಿ ಇಟ್ಟವರು ಗೆಲ್ಲುತ್ತಾರೆ. ಬೀದರಿನ ಬೇಸಿಗೆಯನ್ನು ಬೈಯುವವರು ಈ ಒಂದು ಉಪಕಾರವನ್ನಾದರೂ ನೆನೆಯಬೇಕು.

ತೊಟ್ಟಿಯ ಮುಚ್ಚಳ ತೆಗೆದು, ಮೀನು ಹಾರದಂತೆ ಬಲೆ ಹೊದಿಸಿ, ನೀರಿನ ಮೇಲ್ಮೈಗೆ ಓರೆಯಾಗಿ ಫ್ಯಾನ್ ಇಟ್ಟರೆ ಅರ್ಧ ಕೆಲಸ ಮುಗಿಯಿತು. ಕೋಣೆಯಲ್ಲಿ ಏರ್ ಕೂಲರ್ ಓಡಿಸುವುದಾದರೆ ಕಿಟಕಿ ತೆರೆದಿರಲಿ. ಮುಚ್ಚಿದ ಕೋಣೆಯಲ್ಲಿ ಕೂಲರಿನ ತೇವ ಅಲ್ಲಿಯೇ ಸುತ್ತಿದರೆ ಗಾಳಿ ಮಂಗಳೂರಿನದಾಗಿಬಿಡುತ್ತದೆ, ತೊಟ್ಟಿಯ ಫ್ಯಾನ್ ಬರೀ ಸದ್ದು ಮಾಡುತ್ತದೆ. ಜೂನ್‌ನಲ್ಲಿ ಮೃಗಶಿರ ಮಳೆ ಬೀಳುವ ಹೊತ್ತಿಗೂ ಇದೇ ಪಾಡು. ಗಾಳಿಯಲ್ಲಿ ತೇವ ಏರಿ ಫ್ಯಾನಿನ ಬಲ ಕುಗ್ಗುತ್ತದೆ. ಆದರೆ ಬಿಸಿಲೂ ಅದರೊಂದಿಗೇ ಇಳಿಯುವುದರಿಂದ ಲೆಕ್ಕ ಸರಿಹೋಗುತ್ತದೆ. ಮಳೆಗೆ ಮುಂಚಿನ ಎರಡು ಮೂರು ಸೆಕೆಯ ದಿನಗಳಲ್ಲಿ ಮಾತ್ರ ಎಚ್ಚರ ಬೇಕು.

ಈ ತಂಪಿಗೆ ಬೆಲೆಯಿಲ್ಲ ಎಂದಲ್ಲ. ಬೆಲೆಯನ್ನು ನೀರಿನಲ್ಲಿ ತೆರಬೇಕು. ಆವಿಯಾಗುವುದು ಸಿಹಿನೀರು, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಇನ್ನೂರು ಲೀಟರಿನ ತೊಟ್ಟಿಯಲ್ಲಿ ದಿನಕ್ಕೆ ಐದು ಲೀಟರ್ ಹೋಗಿ, ಮದುವೆಗೆಂದು ಊರಿಗೆ ಹೋದವರು ಮೂರು ದಿನ ನೀರು ತುಂಬಿಸದಿದ್ದರೆ, ಸಾವಿರಕ್ಕೆ 35 ಇದ್ದ ಲವಣಾಂಶ 38ರ ಹತ್ತಿರ ಹೋಗುತ್ತದೆ. ಬಿಸಿಯಿಂದ ಉಳಿದ ಹವಳ ಉಪ್ಪಿನಿಂದ ಸಾಯಬಹುದು. ತುಂಬಿಸಬೇಕಾದ್ದು ಆರ್‌ಒ ನೀರು. ಬೀದರ್ ಜಿಲ್ಲೆಯ ಬೋರ್‌ವೆಲ್ ನೀರು ಗಡಸು. ಅದರಲ್ಲಿ ಕರಗಿರುವುದೆಲ್ಲ ತೊಟ್ಟಿಯಲ್ಲಿ ದಿನದಿನಕ್ಕೆ ಗಟ್ಟಿಯಾಗುತ್ತಾ, ಬೇಡದ ಪಾಚಿಯನ್ನು ಬೆಳೆಸುತ್ತದೆ. ಮನೆಯ ಆರ್‌ಒ ಯಂತ್ರ ಒಂದು ಲೀಟರ್ ಶುದ್ಧ ನೀರು ಕೊಡಲು ಎರಡು ಮೂರು ಲೀಟರ್ ಹೊರಚೆಲ್ಲುತ್ತದೆ. ಔರಾದಿನ ಹಳ್ಳಿಗಳಲ್ಲಿ ಬೇಸಿಗೆಗೆ ಟ್ಯಾಂಕರ್ ನೀರಿಗಾಗಿ ಕೊಡ ಹಿಡಿದು ನಿಲ್ಲುವವರ ಎದುರು ಇದನ್ನು ಲಘುವಾಗಿ ಹೇಳುವಂತಿಲ್ಲ. ಹಾಗೆಂದು ಅತಿ ಮಾಡಬೇಕಾಗಿಯೂ ಇಲ್ಲ. ತೊಟ್ಟಿ ಒಂದು ದಿನದಲ್ಲಿ ಕುಡಿಯುವಷ್ಟು ನೀರನ್ನು ಮನೆಯ ದೊಡ್ಡ ಕೂಲರ್ ಒಂದು ತಾಸಿನಲ್ಲಿ ಕುಡಿಯುತ್ತದೆ. ಚೆಲ್ಲುವ ನೀರನ್ನು ಪಾತ್ರೆ ತೊಳೆಯಲು, ನೆಲ ಒರೆಸಲು ಹಿಡಿದಿಟ್ಟರೆ ಹೊಣೆ ಮುಗಿಯಿತು. ಹಿಡಿದಿಡಲಾರದ ಮನೆಗೆ ಈ ಹವ್ಯಾಸ ಬೇಡ.

ತೊಟ್ಟಿ ಎಲ್ಲಿ ಇಡುವುದು ಎಂಬ ಪ್ರಶ್ನೆ ಇನ್ನೂ ಮುಖ್ಯ. ಹೊಸ ಬಡಾವಣೆಯ ಸ್ಲ್ಯಾಬ್ ಮನೆಯ ಮೇಲಂತಸ್ತಿನಲ್ಲಿ, ಪಡುವಣ ಗೋಡೆಗೆ ಒರಗಿಸಿ ತೊಟ್ಟಿ ಇಟ್ಟವರು ಸಂಜೆ ಏಳರವರೆಗೂ ಕಾದ ಕಾಂಕ್ರೀಟಿನೊಂದಿಗೆ ಹೋರಾಡುತ್ತಾರೆ. ಹಳೆಯ ಬೀದರಿನ ಕೋಟೆಯೊಳಗಣ ಊರಿನಲ್ಲಿ ಕೆಂಪು ಕಲ್ಲಿನ ದಪ್ಪ ಗೋಡೆಯ ಮನೆಗಳು ಇನ್ನೂ ಉಳಿದಿವೆ. ಅಂಥ ಮನೆಯ ನಡುಮನೆ ಮಧ್ಯಾಹ್ನ ಹೊರಗಿಗಿಂತ ಎಷ್ಟು ತಂಪು ಎಂಬುದು ಅಲ್ಲಿ ಒಮ್ಮೆ ಊಟ ಮಾಡಿ ಮಲಗಿದವರಿಗೆ ಗೊತ್ತು. ಹವಳಕ್ಕೆ ಜಿಲ್ಲೆಯಲ್ಲಿ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಬೆಳಕು ದೀಪದಿಂದ ಬರುತ್ತದೆ, ಕಿಟಕಿ ಬೇಕಿಲ್ಲ. ಆ ದೀಪವನ್ನೂ ಮಧ್ಯಾಹ್ನ ಉರಿಸಬೇಕೆಂಬ ನಿಯಮವೇನಿಲ್ಲ. ಸಂಜೆ ಐದರಿಂದ ರಾತ್ರಿ ಒಂದರವರೆಗೆ ಹಗಲು ಮಾಡಿಕೊಟ್ಟರೆ ಹವಳಕ್ಕೆ ಅಡ್ಡಿಯಿಲ್ಲ. ದೀಪದ ಬಿಸಿ ಬಿಸಿಲಿನ ಬಿಸಿಗೆ ಕೂಡುವುದು ತಪ್ಪುತ್ತದೆ, ಮನೆಯವರು ನೋಡುವ ಹೊತ್ತಿಗೆ ತೊಟ್ಟಿ ಬೆಳಗುತ್ತದೆ. ನೀರೊಳಗೆ ಮುಳುಗಿರುವ ಪಂಪುಗಳೂ ತಾವು ತಿನ್ನುವ ವಿದ್ಯುತ್ತನ್ನು ಕೊನೆಗೆ ಶಾಖವಾಗಿ ನೀರಿಗೇ ಕೊಡುತ್ತವೆ. ಅದಕ್ಕೇ ಕಡಿಮೆ ವ್ಯಾಟಿನ ಡಿಸಿ ಪಂಪುಗಳು ಒಳ್ಳೆಯವು.

ನೀರಿನ ಬಿಸಿಯನ್ನು ಹಿಡಿತದಲ್ಲಿಡುವ ಕಲೆ ಬೀದರಿಗೆ ಹೊಸದೂ ಅಲ್ಲ. ಕೋಟೆಯೊಳಗೆ ಇಂದು ಪುರಾತತ್ವ ವಸ್ತುಸಂಗ್ರಹಾಲಯ ಇರುವ ಕಟ್ಟಡ ಒಂದು ಕಾಲಕ್ಕೆ ರಾಜಮನೆತನದ ಹಮಾಮು, ಸ್ನಾನಗೃಹ. ಊರಾಚೆ ನೌಬಾದಿನಲ್ಲಿ ಬಹಮನಿ ಕಾಲದ ಕರೇಜ್ ಇದೆ. ಜನ ಸುರಂಗ ಬಾವಿ ಎನ್ನುತ್ತಾರೆ. ನೆಲದಡಿ ಮೂರು ಕಿಲೋಮೀಟರಿಗೂ ಉದ್ದಕ್ಕೆ ಕೊರೆದ ಕಾಲುವೆ, ಅದಕ್ಕೆ ಸಾಲಾಗಿ ಇಪ್ಪತ್ತೊಂದು ಗಾಳಿಬಾವಿ. ಮೇಲಿನ ಸರಂಧ್ರ ಕೆಂಪು ಕಲ್ಲಿನಲ್ಲಿ ಇಂಗಿದ ಮಳೆನೀರು ಕೆಳಗಿನ ಗಟ್ಟಿ ಪದರಕ್ಕೆ ಬಂದು ತಡೆದು ಹರಿಯುತ್ತದೆ. ನಾನಕ್ ಝೀರಾದ ಒರತೆಗೂ, ಪಾಪನಾಶದ ಒರತೆಗೂ, ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದುಹೋಗುವ ಝರಣಿ ನರಸಿಂಹನ ಗುಹೆಗೂ ಇದೇ ಮೂಲ. ಆ ನೀರು ಬೇಸಿಗೆಯಲ್ಲಿ ತಣ್ಣಗೆ, ಚಳಿಗಾಲದಲ್ಲಿ ಬೆಚ್ಚಗೆ ಎಂದು ಜನ ಹೇಳುತ್ತಾರೆ. ನೀರು ಬದಲಾಗುವುದಿಲ್ಲ, ಬದಲಾಗುವುದು ಹೊರಗಿನ ಹವೆ. ನೆಲದೊಳಗೆ ಕೆಲವು ಮೀಟರ್ ಇಳಿದರೆ ನೀರಿನ ಬಿಸಿ ಆ ಊರಿನ ಇಡೀ ವರ್ಷದ ಸರಾಸರಿ ಉಷ್ಣಾಂಶದ ಹತ್ತಿರ ನಿಂತುಬಿಡುತ್ತದೆ. ಬೀದರಿಗೆ ಆ ಸರಾಸರಿ 26 ಡಿಗ್ರಿಯ ಆಸುಪಾಸು. ಹವಳ ಬೇಡುವುದೂ ಅಷ್ಟನ್ನೇ.

ಕರೇಜಿನ ನೀರು ಸಿಹಿನೀರು, ಅದನ್ನು ಹವಳದ ತೊಟ್ಟಿಗೆ ಸುರಿಯಿರಿ ಎನ್ನುತ್ತಿಲ್ಲ. ಆದರೆ ಹಿತ್ತಲಲ್ಲಿ ನೀರಿರುವ ತೆರೆದ ಬಾವಿ ಇದ್ದವರು ಅದರ ತಂಪನ್ನು ಎರವಲು ಪಡೆಯಬಹುದು. ಸಣ್ಣ ಪಂಪಿನಿಂದ ತೊಟ್ಟಿಯ ನೀರನ್ನು ಪ್ಲಾಸ್ಟಿಕ್ ಕೊಳವೆಯ ಸುರುಳಿಯೊಳಗೆ ಹಾಯಿಸಿ, ಆ ಸುರುಳಿಯನ್ನು ಬಾವಿಯ ನೀರಿನಲ್ಲಿ ಮುಳುಗಿಸಿಟ್ಟರೆ ಎರಡು ನೀರು ಬೆರೆಯದೆ ಶಾಖವಷ್ಟೇ ದಾಟುತ್ತದೆ. ತಾಮ್ರದ ಕೊಳವೆ ಮಾತ್ರ ಬೇಡವೇ ಬೇಡ. ಉಪ್ಪುನೀರಿನಲ್ಲಿ ಬಿಡುವ ತಾಮ್ರ ಹವಳಕ್ಕೂ ಸೀಗಡಿಗೂ ವಿಷ.

ತೊಟ್ಟಿಯ ಗಾತ್ರವೂ ಮುಖ್ಯ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯಲ್ಲಿ ಕಾರಂಜಾ ಜಲಾಶಯವಿದೆ, ಸಂಗ್ರಹ ಸಾಮರ್ಥ್ಯ 7.69 ಟಿಎಂಸಿ. ಅಷ್ಟು ನೀರು ಒಂದು ಮಧ್ಯಾಹ್ನದ ಬಿಸಿಲಿಗೆ ಅಲುಗಾಡದು. ಮೇಜಿನ ಮೇಲಿಡುವ ನಲವತ್ತು ಲೀಟರಿನ ‘ನ್ಯಾನೋ’ ತೊಟ್ಟಿ ಅಲುಗಾಡುತ್ತದೆ. ಚಿಕ್ಕದರಿಂದ ಶುರು ಮಾಡಿ ಎಂಬ ಅಂಗಡಿಯ ಸಲಹೆ ಜೇಬಿಗೆ ಹಿತ, ಹವಳಕ್ಕೆ ಅಲ್ಲ. ಕರೆಂಟ್ ಹೋದಾಗ ಇನ್ನೂರು ಲೀಟರಿನ ಗಾಜಿನ ತೊಟ್ಟಿ, ಸ್ಥೂಲ ಲೆಕ್ಕದಲ್ಲಿ, ತಾಸಿಗೆ ಅರ್ಧ ಡಿಗ್ರಿಯಷ್ಟು ಏರುತ್ತದೆ. ಸಣ್ಣದು ಅದರ ಎರಡು ಪಟ್ಟು ಬೇಗ ಏರುತ್ತದೆ. ಈ ಜಿಲ್ಲೆಯಲ್ಲಿ ಇನ್ನೂರು ಲೀಟರಿಗಿಂತ ಕೆಳಗೆ ಹವಳ ಇಡಬಾರದು ಎಂಬುದು ಕಟುವಾಗಿ ಕೇಳಿದರೂ ಸರಿಯಾದ ಮಾತು.

ಕರೆಂಟ್ ಹೋದಾಗ ಮೊದಲು ಕೊರತೆಯಾಗುವುದು ಉಸಿರು, ಬಿಸಿ ಆಮೇಲೆ ಏರುತ್ತದೆ. ಬ್ಯಾಟರಿಯ ಗಾಳಿ ಪಂಪ್ ಒಂದು, 12 ವೋಲ್ಟಿನ ಫ್ಯಾನ್ ಒಂದು, ಇವೆರಡನ್ನು ನಡೆಸುವ ಸಣ್ಣ ಬ್ಯಾಟರಿ ಇದ್ದರೆ ಐದಾರು ತಾಸು ದಾಟಿಸಬಹುದು. ಫ್ರೀಜರಿನಲ್ಲಿ ನೀರು ತುಂಬಿದ ಲೀಟರ್ ಬಾಟಲಿಗಳನ್ನು ಗಟ್ಟಿ ಮಾಡಿಟ್ಟಿರಿ. ಒಂದು ಬಾಟಲಿ ನೂರು ಲೀಟರ್ ನೀರನ್ನು ಸುಮಾರು ಒಂದು ಡಿಗ್ರಿ ಇಳಿಸುತ್ತದೆ. ಎರಡು ಮೂರನ್ನು ಒಟ್ಟಿಗೇ ಇಳಿಬಿಟ್ಟು ದಿಢೀರನೆ ತಣಿಸುವುದು ಬಿಸಿಯಷ್ಟೇ ಕೆಟ್ಟದ್ದು, ಒಂದೊಂದಾಗಿ ಇಳಿಸಬೇಕು. ಬಾಟಲಿಯ ಮುಚ್ಚಳ ಬಿಗಿಯಾಗಿರಲಿ.

ಚಳಿಗಾಲದ ಮಾತು ಚಿಕ್ಕದು. ಡಿಸೆಂಬರ್, ಜನವರಿಯಲ್ಲಿ ಹೀಟರ್ ಬೇಕೇಬೇಕು, ಮತ್ತು ಒಂದು ದೊಡ್ಡ ಹೀಟರಿಗಿಂತ ಎರಡು ಸಣ್ಣವು ಮೇಲು. ಹೀಟರಿನ ಥರ್ಮೋಸ್ಟಾಟ್ ಕೆಟ್ಟರೆ ಬಹುತೇಕ ‘ಆನ್’ ಆಗಿಯೇ ಸಿಕ್ಕಿಕೊಳ್ಳುತ್ತದೆ. 300 ವ್ಯಾಟಿನದು ಹಾಗೆ ಸಿಕ್ಕಿಕೊಂಡರೆ ಬೆಳಗಾಗುವುದರೊಳಗೆ ತೊಟ್ಟಿ ಕುದಿಗೆ ಬಂದಂತೆ. ಅರ್ಧ ಶಕ್ತಿಯದಾದರೆ ಎದ್ದು ನೋಡಲು ಸಮಯವಾದರೂ ಸಿಗುತ್ತದೆ. ಅಗ್ಗದ ಥರ್ಮಾಮೀಟರುಗಳು ಒಂದೆರಡು ಡಿಗ್ರಿ ಸುಳ್ಳು ಹೇಳುವುದುಂಟು. ಎರಡನ್ನು ಇಟ್ಟು ಹೋಲಿಸಿ ನೋಡಬೇಕು.

ಇನ್ನು ಅಂಕಿಯ ವ್ಯಾಮೋಹ. ವಿದೇಶದ ವೀಡಿಯೊ ನೋಡಿ ಬೇಸಿಗೆಯಲ್ಲೂ 24 ಡಿಗ್ರಿಗೆ ಹಟ ಹಿಡಿಯುವವರಿದ್ದಾರೆ. ಶಾಖ ಒಳನುಗ್ಗುವುದು ಹೊರಗಿನ ಮತ್ತು ಒಳಗಿನ ಬಿಸಿಯ ವ್ಯತ್ಯಾಸಕ್ಕೆ ತಕ್ಕಂತೆ. ಕೋಣೆ 36 ಇದ್ದಾಗ 24ರಲ್ಲಿ ಹಿಡಿದಿಡುವುದಕ್ಕಿಂತ 27ರಲ್ಲಿ ಹಿಡಿದಿಡಲು ಕಾಲುಭಾಗ ಕಡಿಮೆ ಶ್ರಮ ಸಾಕು. ಫೆಬ್ರುವರಿ ಕೊನೆಯಿಂದಲೇ ವಾರಕ್ಕೆ ಅರ್ಧ ಡಿಗ್ರಿಯಂತೆ ಏರಿಸಿ 27ಕ್ಕೆ ತಂದು ನಿಲ್ಲಿಸಿದರೆ ಹವಳ ಹೊಂದಿಕೊಳ್ಳುತ್ತದೆ. ಕರೆಂಟ್ ಹೋಗಿ ಬಂದು 24ರಿಂದ 29ಕ್ಕೆ ಓಡಾಡುವ ತೊಟ್ಟಿಗಿಂತ 27ರಲ್ಲಿ ಕದಲದೆ ನಿಂತ ತೊಟ್ಟಿ ನೂರು ಪಾಲು ವಾಸಿ. ಹೈದರಾಬಾದಿನಿಂದ ಮೀನು ತರುವವರೂ ಇದನ್ನೇ ನೆನಪಿಡಬೇಕು. ಥರ್ಮಾಕೋಲ್ ಪೆಟ್ಟಿಗೆಯಲ್ಲಿ, ರಾತ್ರಿಯ ಪಯಣದಲ್ಲಿ ತಂದು, ಚೀಲವನ್ನು ತೊಟ್ಟಿಯ ನೀರಿನಲ್ಲಿ ಇಪ್ಪತ್ತು ನಿಮಿಷ ತೇಲಿಬಿಟ್ಟು ಬಿಸಿ ಸಮನಾದ ಮೇಲೆಯೇ ಬಿಡಬೇಕು. ನೀರು ಬದಲಾಯಿಸುವ ದಿನವೂ ಹೊಸ ಉಪ್ಪುನೀರಿನ ಬಿಸಿ ನೋಡದೆ ಸುರಿಯಬಾರದು.

ಕೊಳ್ಳುವುದೇನನ್ನು ಎಂಬುದಕ್ಕೆ ಕಾನೂನೂ ಮಾತಾಡುತ್ತದೆ. ಇದನ್ನು ಅಂಗಡಿಯವರು ನುಂಗಿಕೊಳ್ಳುವುದು ಹೆಚ್ಚು. ಕಲ್ಲುಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲ ಅನುಸೂಚಿಯಲ್ಲಿವೆ. ಹುಲಿ ಇರುವ ಪಟ್ಟಿಯೇ ಅದು. ಕಡಲ್ಗುದುರೆಗೂ ಬೀಸಣಿಗೆ ಹವಳಕ್ಕೂ ಇದೇ ಕಾಯ್ದೆಯ ರಕ್ಷಣೆ ಇದೆ. ಸತ್ತ ಹವಳದ ತುಂಡೂ ಈ ಕಾಯ್ದೆಯ ಹೊರಗಿಲ್ಲ. ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಜೀವಿಗಳನ್ನು ಇಟ್ಟುಕೊಂಡವರು ‘ಪರಿವೇಶ್’ ಜಾಲತಾಣದಲ್ಲಿ ನೋಂದಾಯಿಸಬೇಕೆಂದು 2024ರಲ್ಲಿ ನಿಯಮ ಬಂದಿದೆ. ಹಾಗಾಗಿ ಬೀದರಿನ ಮನೆಗೆ ತಕ್ಕದ್ದು ತಳಿಕೇಂದ್ರದಲ್ಲಿ ಹುಟ್ಟಿದ ಕ್ಲೌನ್ ಮೀನು, ಕೃತಕ ಬಂಡೆ, ಕಾಯ್ದೆಯ ಪಟ್ಟಿಯಲ್ಲಿಲ್ಲದ ಕೆಲವು ಮೆದುಹವಳಗಳು. ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿದ್ಯೆ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಗೆ ಚೆನ್ನಾಗಿ ಗೊತ್ತಿದೆ, ಕಡಲಿನಿಂದ ಹಿಡಿದು ತಂದದ್ದನ್ನು ಕೊಳ್ಳಲು ಕಾರಣವಿಲ್ಲ. ಮೆದುಹವಳಗಳಲ್ಲಿ ಹಲವು ಕಲ್ಲುಹವಳಕ್ಕಿಂತ ಬಿಸಿಯನ್ನು ಹೆಚ್ಚು ತಾಳುತ್ತವೆ ಎಂಬುದು ಮೇಲಿನ ಲಾಭ. ಬಿಲ್ಲು ಕೊಡದ ಅಂಗಡಿಯಿಂದ ಏನನ್ನೂ ಕೊಳ್ಳಬೇಡಿ.

ನಂದಿನಗರದ ವಿಶ್ವವಿದ್ಯಾಲಯಕ್ಕೆ ಒಂದು ವಿನಂತಿ ಇದೆ. ಒಣ ಸೀಮೆಯ ಬೇಸಿಗೆಯಲ್ಲಿ ಮನೆಯ ಮೀನುತೊಟ್ಟಿಯನ್ನು, ಸಿಹಿನೀರಿನದಾಗಲಿ ಉಪ್ಪುನೀರಿನದಾಗಲಿ, ತಂಪಾಗಿಡುವುದು ಹೇಗೆ ಎಂಬ ಹತ್ತು ಪುಟದ ಕನ್ನಡ ಕೈಪಿಡಿ ಬೀದರಿನಿಂದ ಹೊರಬಂದರೆ ಕಲಬುರಗಿ, ರಾಯಚೂರು, ವಿಜಯಪುರಕ್ಕೂ ಉಪಯೋಗ. ಆವರಣದಲ್ಲಿ ಸಾರ್ವಜನಿಕರು ನೋಡಬಹುದಾದ ಒಂದು ಉಪ್ಪುನೀರಿನ ತೊಟ್ಟಿ ಇದ್ದು, ಪಕ್ಕದಲ್ಲಿ ಅಂದಿನ ಕೋಣೆಯ ಬಿಸಿ, ನೀರಿನ ಬಿಸಿ, ಆವಿಯಾದ ಲೀಟರುಗಳನ್ನು ಬರೆದ ಹಲಗೆ ಇದ್ದರೆ ಭಾಲ್ಕಿಯ ಶಾಲಾ ಮಕ್ಕಳಿಗೆ ಅದು ಭೌತವಿಜ್ಞಾನದ ಪಾಠವೂ ಆಗುತ್ತದೆ.

ತೊಟ್ಟಿ ಕೊಳ್ಳಲು ಮನಸ್ಸು ಮಾಡಿರುವ ಓದುಗರಿಗೆ ಕೊನೆಯದಾಗಿ ಒಂದು ಸಲಹೆ. ಮಾರ್ಚ್‌ನಲ್ಲಿ ತೊಟ್ಟಿ ಕೂರಿಸಿ, ಉಪ್ಪುನೀರು ತುಂಬಿಸಿ, ಪಂಪು, ದೀಪ, ಫ್ಯಾನ್ ಎಲ್ಲ ಹಚ್ಚಿ. ಒಳಗೆ ಜೀವ ಮಾತ್ರ ಬೇಡ. ಏಪ್ರಿಲ್, ಮೇ ಪೂರ್ತಿ ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ನಾಲ್ಕಕ್ಕೆ, ರಾತ್ರಿ ಹತ್ತಕ್ಕೆ ನೀರಿನ ಬಿಸಿಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ, ತುಂಬಿಸಿದ ನೀರಿನ ಲೆಕ್ಕವನ್ನೂ ಬರೆಯಿರಿ. ಎರಡು ತಿಂಗಳಲ್ಲಿ ಒಂದು ದಿನವೂ 28 ದಾಟದಿದ್ದರೆ ಜೂನ್‌ನಲ್ಲಿ ಹೈದರಾಬಾದಿನ ಬಸ್ಸು ಹತ್ತಿ. ದಾಟಿದರೆ ಅದೇ ತೊಟ್ಟಿಯಲ್ಲಿ ಸಿಹಿನೀರು ತುಂಬಿಸಿ ಗಪ್ಪಿ ಮೀನು ಬಿಡಿ.